ನೀರಿನ ಚಿಂತೆಗಿಂತ ದೊಡ್ಡದು ಕರೆಂಟಿನ ಚಿಂತೆ

ಹಸಿರು ಹೈಡ್ರೋಜನ್ (ಸೌರ, ಗಾಳಿಯಂಥ ನವೀಕರಿಸಬಹುದಾದ ಕರೆಂಟಿನಿಂದ ನೀರನ್ನು ಒಡೆದು ಪಡೆಯುವ ಹೈಡ್ರೋಜನ್) ಎಂದ ಕೂಡಲೇ ಕಾರವಾರ, ಅಂಕೋಲಾ ಕಡೆ ಮೊದಲು ಏಳುವ ಪ್ರಶ್ನೆ ನೀರಿನದ್ದು. ಬೇಸಿಗೆ ಬಂತೆಂದರೆ ಕಾಳಿ, ಗಂಗಾವಳಿಗಳಲ್ಲಿ ಉಪ್ಪುನೀರು ಮೇಲೇರುತ್ತದೆ, ದಡದ ಬಾವಿಗಳು ಸವಳಾಗುತ್ತವೆ. ಇಂಥಲ್ಲಿ ನೀರನ್ನೇ ಒಡೆದು ಅನಿಲ ಮಾಡುತ್ತಾರೆಂದರೆ ಅಳುಕು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ತೊಡಕು ಇರುವುದು ಬೇರೆ ಕಡೆ.

1 ಕಿಲೊ ಹೈಡ್ರೋಜನ್ನಿಗೆ ರಸಾಯನಶಾಸ್ತ್ರದ ಪ್ರಕಾರ ಬೇಕಾದ ನೀರು 9 ಲೀಟರ್. ಶುದ್ಧೀಕರಣದ ನಷ್ಟ, ತಂಪಿಡುವ ನೀರು ಎಲ್ಲ ಸೇರಿ 25 ಲೀಟರ್ ಎಂದಿಟ್ಟುಕೊಳ್ಳಿ. ಅದಿರಿನಿಂದ ಕಬ್ಬಿಣ ತೆಗೆಯಲು ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿದರೆ 1 ಟನ್ ಉಕ್ಕಿಗೆ ಸುಮಾರು 55 ಕಿಲೊ ಬೇಕು. ಅಂದರೆ ವರ್ಷಕ್ಕೆ 10 ಲಕ್ಷ ಟನ್ ಉಕ್ಕು ಮಾಡುವ ಘಟಕಕ್ಕೆ ದಿನಕ್ಕೆ ಸುಮಾರು 38 ಲಕ್ಷ ಲೀಟರ್. ಇದರಲ್ಲಿ ಒಂದಷ್ಟು ವಾಪಸ್ಸೂ ಬರುತ್ತದೆ: ಅದಿರಿನ ಆಮ್ಲಜನಕವನ್ನು ಹೈಡ್ರೋಜನ್ ಎಳೆದುಕೊಂಡಾಗ ಕುಲುಮೆಯಿಂದ ಹೊರಬೀಳುವುದು ಹಬೆ. ಅದನ್ನು ತಂಪುಮಾಡಿ ಹಿಡಿದು, ಶುದ್ಧಮಾಡಿ, ಮತ್ತೆ ನೀರು ಒಡೆಯುವ ಯಂತ್ರಕ್ಕೆ, ಅಂದರೆ ಎಲೆಕ್ಟ್ರೊಲೈಸರಿಗೆ, ಕೊಡಬಹುದು. ಸಮುದ್ರದ ನೀರನ್ನೇ ಆರ್‌ಒ ಮಾಡಿದರೂ (ಪೊರೆಯಲ್ಲಿ ಒತ್ತಿ ಸೋಸಿ ಉಪ್ಪು ತೆಗೆದರೂ) 1,000 ಲೀಟರಿಗೆ 4 ಯೂನಿಟ್ ವಿದ್ಯುತ್ ಸಾಕು. 1 ಕಿಲೊ ಹೈಡ್ರೋಜನ್ ಪಾಲಿಗೆ ಬರುವುದು 0.1 ಯೂನಿಟ್. ಅದೇ ನೀರನ್ನು ಒಡೆಯಲು ಬೇಕಾದದ್ದು 50ರಿಂದ 55 ಯೂನಿಟ್.

ಹಾಗಂತ ಸಮುದ್ರದ ನೀರನ್ನು ನೇರವಾಗಿ ಹಾಕುವಂತಿಲ್ಲ. ಉಪ್ಪಿನ ಕ್ಲೋರೈಡ್ ಧನ ವಿದ್ಯುದ್ವಾರದಲ್ಲಿ ಕ್ಲೋರಿನ್ ಆಗುತ್ತದೆ. ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ದಶಕಗಳಿಂದ ಉಪ್ಪುನೀರಿನಲ್ಲಿ ಕರೆಂಟು ಹರಿಸುತ್ತಿರುವುದು ಇದಕ್ಕಾಗಿಯೇ. ಅಲ್ಲಿ ಸೋಡಾ, ಕ್ಲೋರಿನ್ ಬೇಕಾದ ಮಾಲು. 1 ಟನ್ ಸೋಡಾದ ಜೊತೆ 25 ಕಿಲೊ ಹೈಡ್ರೋಜನ್ ಉಪಉತ್ಪನ್ನವಾಗಿ ಸಿಗುತ್ತದೆ. ಹೈಡ್ರೋಜನ್ ಹಿಡಿಯುವ, ಒತ್ತಿ ತುಂಬುವ ಕೆಲಸ ಈ ಕರಾವಳಿಗೆ ಹೊಸದಲ್ಲ. ಹಸಿರು ಘಟಕದಲ್ಲಿ ಮಾತ್ರ ಕ್ಲೋರೈಡ್ ಶತ್ರು. ಆಲ್ಕಲೈನ್ ಎಲೆಕ್ಟ್ರೊಲೈಸರಿನಲ್ಲಿ 25–30 ಪ್ರತಿಶತ ಕಾಸ್ಟಿಕ್ ಪೊಟ್ಯಾಶ್ ದ್ರಾವಣ ಸುತ್ತುತ್ತಿರುತ್ತದೆ. ಅನಿಲವಾಗಿ ಒಡೆದು ಹೊರಹೋಗುವುದು ನೀರು ಮಾತ್ರ, ನೀರಿನ ಜೊತೆ ಬಂದ ಕಲ್ಮಶ ಒಳಗೇ ಉಳಿದು ತಿಂಗಳಿಂದ ತಿಂಗಳಿಗೆ ಸಾಂದ್ರವಾಗಿ ಲೋಹ ಕೊರೆಯುತ್ತದೆ. ಅದಕ್ಕೇ ಆರ್‌ಒ ನಂತರ ನೀರಿನಲ್ಲಿ ಉಳಿದ ಲವಣದ ಅಯಾನು (ವಿದ್ಯುದಾವೇಶದ ಕಣ) ತೆಗೆಯುವ ಇನ್ನೊಂದು ಹಂತ ಕಡ್ಡಾಯ.

ಆರ್‌ಒ ಬಿಡುವ ಉಳಿಕೆ ನೀರಿನ ಬಗ್ಗೆ ನನ್ನದು ಖಡಾಖಂಡಿತ ಮಾತು. 40 ಪ್ರತಿಶತ ಸಿಹಿನೀರು ತೆಗೆದರೆ ಮಿಕ್ಕ ನೀರಿನ ಉಪ್ಪು ಲೀಟರಿಗೆ 35 ಗ್ರಾಂನಿಂದ 58 ಗ್ರಾಂಗೆ ಏರುತ್ತದೆ. ಅದನ್ನು ಅಳಿವೆಯಲ್ಲಿ ಬಿಡಲೇಬಾರದು. ಅಘನಾಶಿನಿಯ ಬೆಳಚು, ಕಾಳಿಯ ಕಲ್ವಾ ಎಂಬ ಚಿಪ್ಪುಜೀವಿಗಳು ಬದುಕುವುದು ಸಿಹಿ–ಉಪ್ಪಿನ ಹದದ ಮೇಲೆ. ಕೊಳವೆಯನ್ನು ತೆರೆದ ಸಮುದ್ರಕ್ಕೆ ಒಯ್ದು, ಹಲವು ಬಾಯಿಗಳಿಂದ ಚದುರಿಸಿ ಬಿಡಬೇಕು.

ಈಗ ಕರೆಂಟು. 55 ಕಿಲೊಗೆ ತಲಾ 53 ಯೂನಿಟ್ ಹಿಡಿದರೆ 1 ಟನ್ ಉಕ್ಕಿಗೆ 2,900 ಯೂನಿಟ್. ಆರ್ಕ್ ಫರ್ನೇಸಿನಲ್ಲಿ (ಕರೆಂಟಿನ ಕುಲುಮೆಯಲ್ಲಿ) ಕರಗಿಸಲು ಸುಮಾರು 500 ಬೇರೆ. 10 ಲಕ್ಷ ಟನ್ನಿಗೆ ಹೈಡ್ರೋಜನ್ ಒಂದಕ್ಕೇ ಹಗಲೂ ರಾತ್ರಿ 330 ಮೆಗಾವ್ಯಾಟ್. ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳ ಒಟ್ಟು ಸಾಮರ್ಥ್ಯ 880 ಮೆಗಾವ್ಯಾಟ್. ಅದರ ಐದರಲ್ಲಿ ಎರಡು ಪಾಲು ಇಲ್ಲೇ ಹೋಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್ನಿಗೂ ಮೇಲೆ. ಅಷ್ಟಕ್ಕೂ ಬೇಕೆಂದರೆ 4,000 ಮೆಗಾವ್ಯಾಟ್, ನಿರಂತರ.

ನಿರಂತರ ಎಂಬುದೇ ಗಂಟು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ವರ್ಷದ ಸರಾಸರಿಯಲ್ಲಿ ಕೊಡುವುದು ಅದರ ಕಾಲು ಭಾಗಕ್ಕಿಂತ ಕಡಿಮೆ. ಕೊರತೆಯನ್ನು ಗ್ರಿಡ್ಡಿನಿಂದ ತುಂಬಿಸಿದರೆ ಏನಾಗುತ್ತದೆ ನೋಡಿ. ದೇಶದ ಗ್ರಿಡ್ಡಿನಲ್ಲಿ 1 ಯೂನಿಟ್‌ಗೆ ಸರಾಸರಿ 0.7 ಕಿಲೊ ಕಾರ್ಬನ್ ಡೈಆಕ್ಸೈಡ್. 53 ಯೂನಿಟ್‌ಗೆ 37 ಕಿಲೊ. ನೈಸರ್ಗಿಕ ಅನಿಲದಿಂದ ಮಾಡುವ ಹಳೆಯ ಹೈಡ್ರೋಜನ್ನಿನದೇ 10 ಕಿಲೊ ಆಸುಪಾಸು! ಕೇಂದ್ರ ಸರ್ಕಾರ 2023ರಲ್ಲಿ ಗೊತ್ತುಮಾಡಿದ ಮಿತಿ 1 ಕಿಲೊ ಹೈಡ್ರೋಜನ್ನಿಗೆ 2 ಕಿಲೊ. ಅಂದರೆ ಗ್ರಿಡ್ ಕರೆಂಟು ನೂರಕ್ಕೆ ಐದು ಪಾಲು ದಾಟಿದರೆ ಹಸಿರು ಎಂಬ ಹೆಸರು ಹೋಯಿತು. ಕೈಗಾದ ವಿದ್ಯುತ್ತಿನಲ್ಲಿ ಇಂಗಾಲ ಅತ್ಯಲ್ಪವಾದರೂ ಅದು ನವೀಕರಿಸಬಹುದಾದ ಮೂಲ ಅಲ್ಲ, ಹಾಗಾಗಿ ಆ ಮುದ್ರೆ ಸಿಗದು.

ಬಿಸಿಲಿದ್ದಾಗ ಓಡಿಸಿ ಮೋಡ ಬಂದಾಗ ಇಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆಲ್ಕಲೈನ್ ಯಂತ್ರದಲ್ಲಿ ಪೊರೆಯ ಮೂಲಕ ಒಂದಿಷ್ಟು ಹೈಡ್ರೋಜನ್ ಸದಾ ಆಮ್ಲಜನಕದ ಬದಿಗೆ ಜಿನುಗುತ್ತದೆ. ಪೂರ್ತಿ ಲೋಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಲೋಡು ಇಳಿದಂತೆ ಆಮ್ಲಜನಕದ ಉತ್ಪಾದನೆ ಇಳಿಯುತ್ತದೆ, ಜಿನುಗುವಿಕೆ ಇಳಿಯುವುದಿಲ್ಲ, ಹೀಗಾಗಿ ಪ್ರಮಾಣ ಏರುತ್ತದೆ. 4 ಪ್ರತಿಶತ ಮುಟ್ಟಿದರೆ ಸ್ಫೋಟದ ಅಂಚು. ಆದ್ದರಿಂದ 2 ಪ್ರತಿಶತಕ್ಕೇ ಯಂತ್ರ ತಾನಾಗಿ ನಿಲ್ಲುವಂತೆ ಟ್ರಿಪ್ ಇಟ್ಟಿರುತ್ತಾರೆ. ಪದೇ ಪದೇ ನಿಂತರೆ ಉಲ್ಟಾ ಕರೆಂಟು ಹರಿದು ನಿಕಲ್ ವಿದ್ಯುದ್ವಾರದ ಲೇಪ ಹಾಳಾಗುತ್ತದೆ. ಕಾಸ್ಟಿಕ್ ದ್ರಾವಣದ ಬದಲು ಪಾಲಿಮರ್ ಪೊರೆ ಬಳಸುವ ಪಿಇಎಂ ಯಂತ್ರಗಳು ಏರಿಳಿತ ಚೆನ್ನಾಗಿ ತಾಳುತ್ತವೆ, ಆದರೆ ಅವಕ್ಕೆ ಇರಿಡಿಯಂ ಎಂಬ ಅಪರೂಪದ ಲೋಹ ಬೇಕು, ಬೆಲೆ ಜಾಸ್ತಿ.

ಇಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲ ಇದೆ. ಮಳೆಗಾಲದಲ್ಲಿ ಸೌರ ಇಳಿದಾಗ ಗದಗ, ಚಿತ್ರದುರ್ಗದ ಗಾಳಿ ಏರುತ್ತದೆ. ಸಂಜೆಯ ತಗ್ಗನ್ನು ಕಾಳಿಯ ಜಲವಿದ್ಯುತ್ ಕೇಂದ್ರಗಳಾದ ನಾಗಝರಿ, ಕೊಡಸಳ್ಳಿ, ಕದ್ರಾ ತುಂಬಬಲ್ಲವು. ಕಷ್ಟ ಏಪ್ರಿಲ್–ಮೇ ತಿಂಗಳದ್ದು: ಗಾಳಿ ಮಂದ, ಸೂಪಾ ಜಲಾಶಯ ತಗ್ಗಿರುತ್ತದೆ, ಪಂಪ್‌ಸೆಟ್ಟುಗಳ ಬೇಡಿಕೆ ತುದಿಯಲ್ಲಿರುತ್ತದೆ. ವಾರ್ಷಿಕ ದುರಸ್ತಿಯನ್ನು ಆ ಎರಡು ತಿಂಗಳಿಗೇ ಇಟ್ಟುಕೊಳ್ಳುವುದು ಜಾಣತನ.

ಇನ್ನು ಜಾಗ. ಒಂದು ಕಾಲಕ್ಕೆ ಬಳ್ಳಾರಿಯ ಅದಿರು ಅರಬೈಲ್ ಘಟ್ಟ ಇಳಿದು ಬೇಲೆಕೇರಿಗೆ ಬಂದ ಹಾಗೆ, ಕರಾವಳಿಯ ಹೈಡ್ರೋಜನ್ ಲಾರಿಯಲ್ಲಿ ಘಟ್ಟ ಹತ್ತಲಾರದು. 200 ಬಾರ್ ಒತ್ತಡದ ಸಿಲಿಂಡರ್ ಲಾರಿಯಲ್ಲಿ ಹಿಡಿಸುವುದು 300ರಿಂದ 400 ಕಿಲೊ. ನಮ್ಮ ಲೆಕ್ಕದ ಘಟಕಕ್ಕೆ ದಿನಕ್ಕೆ 150 ಟನ್ ಬೇಕು, ಅಂದರೆ 375ರಿಂದ 500 ಲಾರಿ. ಉಕ್ಕಿಗೆ ಬೇಕಾದ ಹೈಡ್ರೋಜನ್ ಕುಲುಮೆಯ ಪಕ್ಕದಲ್ಲೇ ಆಗಬೇಕು, ಘಟ್ಟ ಹತ್ತಬೇಕಾದದ್ದು ವಿದ್ಯುತ್ ತಂತಿ. ಕುಲುಮೆಯಲ್ಲೂ ಬದಲಾವಣೆಗಳಿವೆ. ಅದಿರಿನ ಆಮ್ಲಜನಕವನ್ನು ಹೈಡ್ರೋಜನ್ ಎಳೆಯುವ ಕ್ರಿಯೆ ಶಾಖ ಹೀರುತ್ತದೆ, ಅನಿಲವನ್ನು 900 ಡಿಗ್ರಿ ದಾಟಿಸಿ ಕಳಿಸಬೇಕು. ಆರ್ಕ್ ಫರ್ನೇಸಿಗೆ ಹೊಂದುವುದು 67 ಪ್ರತಿಶತ ಕಬ್ಬಿಣ ಇರುವ ಪೆಲೆಟ್ (ಅದಿರಿನ ಪುಡಿಯ ಉಂಡೆ). ಸಂಡೂರು–ಹೊಸಪೇಟೆಯ ಅದಿರನ್ನು ಅಲ್ಲಿಗೆ ಮುಟ್ಟಿಸಲು ತೊಳೆದು, ಅರೆದು, ಬೇರ್ಪಡಿಸುವ ಖರ್ಚು ಇದ್ದೇ ಇದೆ.

ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆ ಹಬೆಗಾಗಿ ಹೈಡ್ರೋಜನ್ ಉರಿಸುವುದು ಶುದ್ಧ ದಂಡ. 53 ಯೂನಿಟ್ ಕೊಟ್ಟು ಸಿಗುವ ಶಾಖ 30 ಯೂನಿಟ್‌ನಷ್ಟು. ಅದೇ ಕರೆಂಟು ನೇರವಾಗಿ ಬಾಯ್ಲರಿಗೆ ಕೊಟ್ಟರೆ 50ರ ಮೇಲೆ.

ಕರಾವಳಿಗೆ ಹೊಂದುವುದು ಅಮೋನಿಯಾ. ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಬಂದರು ಹತ್ತಿರ, ಹೈಡ್ರೋಜನ್ ಬೇಕಾದ ತೈಲ ಶುದ್ಧೀಕರಣಾಗಾರವೂ ಅದೇ ನಗರದಲ್ಲಿದೆ. 1 ಟನ್ ಅಮೋನಿಯಾಗೆ ಸುಮಾರು 178 ಕಿಲೊ ಹೈಡ್ರೋಜನ್. ಮೈನಸ್ 33 ಡಿಗ್ರಿಗೆ ದ್ರವವಾಗುವುದರಿಂದ ಹಡಗಿನಲ್ಲೂ ಸಾಗುತ್ತದೆ. ಆದರೆ ಯೂರಿಯಾಗೆ ಇದು ನೇರವಾಗಿ ಒಗ್ಗುವುದಿಲ್ಲ. 1 ಟನ್ ಯೂರಿಯಾದೊಳಗೆ 730 ಕಿಲೊ ಕಾರ್ಬನ್ ಡೈಆಕ್ಸೈಡ್ ಸೇರುತ್ತದೆ, ಈಗ ಅದು ಬರುವುದು ನೈಸರ್ಗಿಕ ಅನಿಲ ಒಡೆಯುವಾಗಲೇ. ಹಸಿರು ಅಮೋನಿಯಾ ಬಂದರೆ ಆ ಮೂಲ ಬತ್ತುತ್ತದೆ. ಹಾಗಾಗಿ ಮೊದಲು ಡಿಎಪಿ ಮತ್ತು ಸಂಯುಕ್ತ ಗೊಬ್ಬರಗಳಿಗೆ ಕೊಡಬೇಕು. ಯೂರಿಯಾದ ಸರದಿ ಆಮೇಲೆ.