ಅಪ್ಪಯ್ಯ ಮತ್ತು ನಾಲ್ಕು ಚಕ್ರದ ಬೈಕು

ಗೆಳೆಯನದ್ದೊಂದು ಕ್ಯಾಬಿನ್ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಕ್ಕೆ, ಬೆಮಿಜಿ ಹತ್ತಿರದ ಕಾಡಂಚಲ್ಲಿದೆ. ಹಿಮ ಬೀಳೋ ಮುಂಚೆ ಸೌದೆ ಸಾಗಿಸಿ ಮುಗಿಸಬೇಕು ಅಂತ ಕಳೆದ ಅಕ್ಟೋಬರಿನಲ್ಲಿ ಕರೆದ. ಊರಿಂದ ಬಂದಿದ್ದ ಅಪ್ಪಯ್ಯನನ್ನೂ ಕರಕೊಂಡು ಹೋದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನುಷ್ಯ. ಎರಡು ತಿಂಗಳಿಂದ ಅಪಾರ್ಟ್‌ಮೆಂಟಿನ ಕಿಟಕಿ ನೋಡಿ ನೋಡಿ ಸೋತಿದ್ದರು.

ಶೆಡ್ಡಲ್ಲಿದ್ದದ್ದು ಪೋಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ ಟೂರಿಂಗ್ 570, ಕಾಡು ಕೆಸರಲ್ಲೂ ಓಡುವ ನಾಲ್ಕು ಚಕ್ರದ ಬೈಕು, ಅಂದರೆ ಎಟಿವಿ. ಒಂದೇ ಸಿಲಿಂಡರ್, 567 ಸಿಸಿ, 44 ಕುದುರೆ ಶಕ್ತಿ. ಇದಕ್ಕಿಂತ ದೊಡ್ಡವೂ ಇವೆ, ಸಣ್ಣವೂ ಇವೆ. ಅಪ್ಪಯ್ಯ ಒಂದು ಸುತ್ತು ಹಾಕಿ ನೋಡಿ, "ಇದು ಟ್ರ್ಯಾಕ್ಟರಿಗೂ ಬೈಕಿಗೂ ಹುಟ್ಟಿದ್ದು ಕಣೋ" ಅಂದರು. ನಾನು ಇಷ್ಟು ವರ್ಷದಲ್ಲಿ ಕೇಳಿದ ಅತ್ಯುತ್ತಮ ವಿವರಣೆ ಅದೇ.

ಹಿಂದಿನ ಸೀಟಿನ ವಿಷಯ ಹೇಳಬೇಕು. ಎಟಿವಿಗಳಲ್ಲಿ ಹೆಚ್ಚಿನವು ಒಬ್ಬರಿಗೆ ಮಾತ್ರ. ಸೀಟು ಉದ್ದ ಕಾಣುತ್ತೆ ಅಂತ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವವರಿದ್ದಾರೆ. ಆ ಉದ್ದ ಇರೋದು ಓಡಿಸುವವನು ಏರಿನಲ್ಲಿ ಮುಂದಕ್ಕೆ, ಇಳಿಜಾರಲ್ಲಿ ಹಿಂದಕ್ಕೆ ಸರಿಯೋಕೆ. ಹಿಂದೊಬ್ಬರು ಕೂತರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಗಾಡಿ ಮಗುಚಬಹುದು. ಈ ಟೂರಿಂಗ್ ಮಾದರಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನೇ ಎರಡು ಮೂರು ಇಂಚು ಹೆಚ್ಚಿಸಿದ್ದಾರೆ. ಹಿಂದೆ ಕೂತವರಿಗೆ ಬೆನ್ನಿಗೆ ಆಸರೆ, ಕೈಗೆ ಹಿಡಿ, ಕಾಲಿಡೋಕೆ ಬೇರೆ ಜಾಗ. ಅಪ್ಪಯ್ಯನಿಗೆ ಹೆಲ್ಮೆಟ್ ಹಾಕಿದೆ. "ಯಕ್ಷಗಾನದ ಕಿರೀಟವೇ ಇದಕ್ಕಿಂತ ಹಗುರ" ಅಂತ ಗೊಣಗಿದರೂ ತೆಗೀಲಿಲ್ಲ.

ಆಕ್ಸಿಲರೇಟರ್ ಬಲಗೈ ಹೆಬ್ಬೆರಳಲ್ಲಿ. ಕ್ಲಚ್ ಇಲ್ಲ, ಎಂಜಿನ್ನಿನ ಬಲ ಚಕ್ರಕ್ಕೆ ಹೋಗೋದು ಸ್ಕೂಟರಿನಂತೆ ಬೆಲ್ಟಿನ ಮೂಲಕ. ಆ ಬೆಲ್ಟಿನ ಮೂಲ ಹಿಮದಲ್ಲಿದೆ. ಪೋಲಾರಿಸ್ ಕಂಪನಿ ಹುಟ್ಟಿದ್ದು ಬೆಮಿಜಿಗಿಂತ ಇನ್ನೂ ಉತ್ತರಕ್ಕೆ, ಕೆನಡಾ ಗಡಿಯ ಹತ್ತಿರದ ರೋಸೋ ಎಂಬ ಸಣ್ಣ ಊರಲ್ಲಿ, 1954ರಲ್ಲಿ. ಎಡ್ಗರ್ ಹೆಟೀನ್, ಅವರ ತಮ್ಮ ಆಲನ್ ಮತ್ತು ಡೇವಿಡ್ ಜಾನ್ಸನ್ ರೈತರಿಗೆ ಬೇಕಾದ ಯಂತ್ರ ಮಾಡಿಕೊಂಡಿದ್ದವರು. ಹಿಮದ ಮೇಲೆ ಓಡುವ ಗಾಡಿ ಮಾಡಿದ್ದು ಆಮೇಲೆ. 1960ರಲ್ಲಿ ಎಡ್ಗರ್ ಅದರಲ್ಲೇ ಅಲಾಸ್ಕದ ಉದ್ದಕ್ಕೆ ಸಾವಿರ ಮೈಲಿಗೂ ಮಿಕ್ಕಿ ಹೋಗಿ ಬಂದರು. ಬಂದವರು ಪಾಲುದಾರಿಕೆ ಬಿಟ್ಟು ಬೇರೆ ಕಂಪನಿ ಕಟ್ಟಿದರು, ಅದೇ ಮುಂದೆ ಎದುರಾಳಿ ಆರ್ಕ್ಟಿಕ್ ಕ್ಯಾಟ್ ಆಯಿತು. (ಅಣ್ಣತಮ್ಮಂದಿರ ಹಿಸ್ಸೆ ಅಲ್ಲೂ ಇದೆ ಅಂತ ಅಪ್ಪಯ್ಯನಿಗೆ ಸಮಾಧಾನ.) ಹಿಮದ ಗಾಡಿ ಮಾರಿ ಪಳಗಿದ ಕಂಪನಿ 1985ರಲ್ಲಿ ಮೊದಲ ಎಟಿವಿ ತಂದಾಗ ಆ ಬೆಲ್ಟಿನ ವ್ಯವಸ್ಥೆಯೂ ಜೊತೆಗೇ ಬಂತು.

ಸೌದೆ ತುಂಬಿದ ಟ್ರೇಲರ್ ಕಟ್ಟಿ ಕೆಸರಿನ ಏರು ಹತ್ತುವಾಗ ಅದೇ ಬೆಲ್ಟನ್ನು ನಾನು ಸುಟ್ಟೆ. ಭಾರ ಎಳೆಯುವಾಗ, ನಿಧಾನ ಹೋಗುವಾಗ ಲೋ ಗೇರಿಗೆ ಹಾಕಬೇಕು. ನಾನು ಹೈ ಗೇರಲ್ಲೇ ಒತ್ತುತ್ತಿದ್ದೆ. ರಬ್ಬರ್ ಸುಟ್ಟ ವಾಸನೆ ಮೊದಲು ತಾಗಿದ್ದು ಹಿಂದಿದ್ದವರಿಗೆ.

"ನಿಲ್ಸು, ನಿಲ್ಸು. ಇಷ್ಟು ಹೊತ್ತಿಂದ ಅದು ಒದ್ದಾಡ್ತಾ ಇತ್ತು."

"ಮೊದಲೇ ಹೇಳ್ಬಾರದಿತ್ತಾ ಅಪ್ಪಯ್ಯ?"

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ಗೆಳೆಯ ಬೈಯಲಿಲ್ಲ. ಶೆಡ್ಡಲ್ಲಿ ಇನ್ನೊಂದು ಬೆಲ್ಟ್ ಇಟ್ಟಿದ್ದ, ಮಧ್ಯಾಹ್ನಕ್ಕೆ ಬದಲಾಯಿಸಿ ಕೊಟ್ಟ. ಹೊಸ ಬೆಲ್ಟು, ಲೋ ಗೇರು, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸ್ವಿಚ್ಚು ಹಾಕಿದ ಮೇಲೆ ಅದೇ ಏರನ್ನು ಎಮ್ಮೆ ದಿಬ್ಬ ಹತ್ತಿದ ಹಾಗೆ, ಅವಸರವಿಲ್ಲದೆ ಹತ್ತಿತು. ಸಂಜೆಯೊಳಗೆ ಆರು ಟ್ರಿಪ್ಪು. ಅಪ್ಪಯ್ಯ ಒಂದು ಟ್ರಿಪ್ಪೂ ಬಿಡಲಿಲ್ಲ.

ರಾತ್ರಿ ಬೆಂಕಿ ಮುಂದೆ ಕೂತು, ಇದು ನಮ್ಮಲ್ಲಿ ಸಿಗುತ್ತಾ ಅಂತ ವಿಚಾರಣೆ ಶುರು. ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನು 2020ರಲ್ಲಿ ಭಾರತದಲ್ಲಿ ಟ್ರ್ಯಾಕ್ಟರ್ ಅಂತ ನೋಂದಾಯಿಸಿ ರಸ್ತೆಗೆ ಬಿಟ್ಟಿದ್ದರು, ಆಗಿನ ಶೋರೂಂ ಬೆಲೆ 7.99 ಲಕ್ಷ ಅಂದೆ. ಬೆಲೆ ಕೇಳಿ ಸುಮ್ಮನಾದರು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಟಾರ್ಚ್ ಹಿಡಿದು ಶೆಡ್ಡಿಗೆ ಹೋದರು. ಹೋಗಿ ನೋಡಿದರೆ, ಒಂದು ಕಡೆಯ ಚಕ್ರದಿಂದ ಇನ್ನೊಂದು ಕಡೆಯ ಚಕ್ರದವರೆಗೆ ಗೇಣು ಹಾಕಿ ಅಳೆಯುತ್ತಿದ್ದಾರೆ.

"ನಾಲ್ಕಡಿ ಇದೆ" ಅಂದರು. "ಹಳ್ಳದ ಸಂಕಕ್ಕೆ ಇನ್ನೆರಡು ಅಡಿಕೆ ಮರ ಹಾಕ್ಬೇಕಾಗುತ್ತೆ."