ಅರ್ಧ ಪೆನ್ನಿ

ಇವತ್ತು ಇಂಗ್ಲೆಂಡಿನ ಸಫೋಕ್‌ನ ಹೊಲದಲ್ಲಿ ಲೋಹ ಹುಡುಕುವ ಡಿಟೆಕ್ಟರ್ ಸಣ್ಣಗೆ ಕೀಂ ಅಂದಿತು. ಬೆಳಗ್ಗೆಯಿಂದ ಬರೀ ಮೊಳೆ, ಸೀಸದ ಚೂರು. ಇದೂ ಅದೇ ಅಂದುಕೊಂಡೆ.

ಮಣ್ಣಿನ ಹೆಂಟೆ ಒಡೆದರೆ ಒಳಗೆ ಬೆಳ್ಳಿ! ಅರ್ಧಚಂದ್ರದ ಹಾಗೆ, ಉಗುರಿನಷ್ಟು ತೆಳು.

ಇಂಗ್ಲೆಂಡಿನ ರಾಜ ಮೂರನೇ ಹೆನ್ರಿಯ ಪೆನ್ನಿ ನಾಣ್ಯ. 1247ರಿಂದ ಈಚೆಯದು, ಯಾಕಂದರೆ ಅದರ ಮೇಲಿನ ಶಿಲುಬೆಯ ತೋಳು ಅಂಚಿನವರೆಗೂ ಇದೆ. ಮುರಿದದ್ದಲ್ಲ, ಬೇಕಂತಲೇ ಕತ್ತರಿಸಿದ್ದು. ಆಗ ಚಿಲ್ಲರೆ ಬೇಕಾದರೆ ಪೆನ್ನಿಯನ್ನೇ ಶಿಲುಬೆಯ ಗೆರೆ ಹಿಡಿದು ಎರಡು, ನಾಲ್ಕು ಮಾಡುತ್ತಿದ್ದರು.

ಇದೇ ರಾಜನ 1257ರ ಚಿನ್ನದ ಪೆನ್ನಿ 2021ರಲ್ಲಿ ಡೆವನ್‌ನ ಹೊಲದಲ್ಲಿ ಸಿಕ್ಕಿತ್ತು. ಹರಾಜಿನಲ್ಲಿ ಲಕ್ಷಗಟ್ಟಲೆ ಪೌಂಡ್ ಬಂತು. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ. ಸಂತೆಗೆ ಹೊರಟ ಯಾರದೋ ಅರ್ಧ ಪೆನ್ನಿ. ಬಿದ್ದದ್ದು ಗೊತ್ತಾದಾಗ ಎಷ್ಟು ಹುಡುಕಿರಬೇಕು ಅಲ್ವಾ, ಇದೇ ಮಣ್ಣಲ್ಲಿ, ಬಗ್ಗಿಕೊಂಡು.

ಕತ್ತರಿಸಿದ ಅಂಚು ಬೆರಳಿಗೆ ಇನ್ನೂ ಚೂಪಾಗಿ ತಾಗುತ್ತಿದೆ.