ಹಳೆಯ ಕಾರಿನ ಲಾಭ ಇರುವುದು ಕಾಗದದಲ್ಲಿ

ಪದ್ಮಿನಿ, ಕಾಂಟೆಸ್ಸಾದಂಥ ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ಬಣ್ಣ ಹೊಡೆಸಿ, ತಿಂಗಳೊಪ್ಪತ್ತಿನಲ್ಲಿ ಒಳ್ಳೆಯ ಲಾಭಕ್ಕೆ ಮಾರಬಹುದೆಂಬ ಆಸೆ ಬೆಂಗಳೂರಿನಲ್ಲಿ ಈಚೆಗೆ ಅನೇಕರಿಗೆ ಹುಟ್ಟಿದೆ. ಈ ವ್ಯವಹಾರವನ್ನು ಹತ್ತಿರದಿಂದ ನೋಡುತ್ತ, ಆಗೀಗ ಕೈಹಾಕುತ್ತ ಬಂದಿರುವ ನನಗೆ ಅನ್ನಿಸುವುದಿಷ್ಟು: ಬೇಗ ಕೈಸೇರುವ ಲಾಭ ರಿಪೇರಿಯಿಂದ ಬರುವುದಲ್ಲ, ದಾಖಲೆ ಸರಿಯಿರುವ ಗಾಡಿಯನ್ನು ಆರಿಸುವುದರಿಂದ ಬರುವುದು.

ಪದ್ಮಿನಿಯನ್ನೇ ತೆಗೆದುಕೊಳ್ಳಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದು ಎಪ್ಪತ್ತರ ದಶಕದಲ್ಲಿ ಈ ಹೆಸರು ಪಡೆದ, 1089 ಸಿಸಿ ಎಂಜಿನ್ನಿನ ಈ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಚೌಕಟ್ಟು, ಇಲ್ಲ. ಭಾರವನ್ನೆಲ್ಲ ಬಾಡಿಯೇ ಹೊರಬೇಕು. ಕೊಳ್ಳುವವರು ಎಂಜಿನ್ನಿಗೆ ಹೆದರುತ್ತಾರೆ, ಆದರೆ ಹೆದರಬೇಕಾದದ್ದು ತುಕ್ಕಿಗೆ. ಬಣ್ಣಕ್ಕೆ ಗೀರು ಬೀಳದಂತೆ ಸಣ್ಣ ಅಯಸ್ಕಾಂತವೊಂದನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಹಿಡಿದುಕೊಂಡು ಹೋದರೆ, ಅದು ಕಚ್ಚಿಕೊಳ್ಳದೆ ಜಾರುವ ಕಡೆ ತಗಡಿಗಿಂತ ಪುಟ್ಟಿಯೇ ಹೆಚ್ಚಿದೆಯೆಂದು ತಿಳಿಯಬೇಕು. ಒಳಗಿನ ಮ್ಯಾಟನ್ನೂ ಎತ್ತಿ, ಪೆಡಲ್‌ಗಳ ಕೆಳಗಿನ ಫ್ಲೋರನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ತುಕ್ಕು ತಿಂದ ಗಾಡಿಯನ್ನು ಟಿಂಕರಿಂಗಿಗೆ, ಅಂದರೆ ತಗಡಿನ ರಿಪೇರಿಗೆ, ಕೊಟ್ಟರೆ 'ಮುಂದಿನ ವಾರ ಬನ್ನಿ ಸಾರ್' ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ಗಾಜಿನ ರಬ್ಬರು, ಬೀಡಿಂಗು, ಒರಿಜಿನಲ್ ದೀಪದ ರಿಂಗುಗಳಿಗಾಗಿ ಜೆ.ಸಿ. ರಸ್ತೆಯಿಂದ ಶಿವಾಜಿನಗರದ ಗುಜರಿಯವರೆಗೆ ಅಲೆಯುವುದು ಬೇರೆ. ಶೆಡ್ಡಿನಲ್ಲಿ ನಿಂತಷ್ಟು ದಿನವೂ ಹಾಕಿದ ಹಣ ಅಲ್ಲೇ ನಿಂತಿರುತ್ತದೆ.

ಇನ್ನು ದಾಖಲೆ. ಅವಸರದ ವ್ಯಾಪಾರಿಗಳು ಗಾಡಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳದೆ, ಮೊದಲ ಮಾಲೀಕರಿಂದ ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು, ಅದೇ ಕಾಗದವನ್ನು ಮುಂದಿನವರ ಕೈಗೆ ದಾಟಿಸುತ್ತಾರೆ. ವರ್ಗಾವಣೆಯ ಖರ್ಚು ಉಳಿಯಿತೆಂಬುದು ಅವರ ಲೆಕ್ಕ. ಆದರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿರುವುದರಿಂದ, ಕಾರು ಮಾರಿ ನಿಶ್ಚಿಂತರಾಗಿರುವ ಹಿರಿಯರೊಬ್ಬರ ತಲೆಗೆ ಯಾರದೋ ಅಪಘಾತ ಸುತ್ತಿಕೊಳ್ಳಬಹುದು. ಇದನ್ನು ಜಾಣತನವೆಂದು ಕರೆಯಲು ನನಗೆ ಮನಸ್ಸಿಲ್ಲ. ಸಹಿ ಹಾಕಿದವರು ತೀರಿಕೊಂಡರಂತೂ ಆ ಕಾಗದಕ್ಕೆ ಬೆಲೆಯಿಲ್ಲ. ವಾರಸುದಾರರನ್ನು ಹುಡುಕಿ, ಮಾಲೀಕರು ತೀರಿಕೊಂಡಾಗಿನ ವರ್ಗಾವಣೆಯ ಅರ್ಜಿಯಾದ ಫಾರಂ 31ರಿಂದ ಹೊಸದಾಗಿ ಶುರುಮಾಡಬೇಕು.

ಖರ್ಚಿನ ಲೆಕ್ಕವೂ ಬದಲಾಗಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು, 20 ವರ್ಷ ಮೀರಿದವಕ್ಕೆ 2025ರಲ್ಲಿ 10,000 ಆಯಿತು. ಇದರ ಮೇಲೆ ಹಸಿರು ತೆರಿಗೆ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ಇನ್ಶೂರೆನ್ಸ್ ಇವೆ.

'ವಿಂಟೇಜ್ ಸಾರ್' ಎಂದು ಬ್ರೋಕರುಗಳು ಎಂಬತ್ತರ ದಶಕದ ಮಾರುತಿಯನ್ನೂ ಹೊಗಳುವುದುಂಟು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ ಆ ಮರ್ಯಾದೆ. ಅದಕ್ಕೆ 'ವಿಎ' ಸರಣಿಯ ನಂಬರ್ ಸಿಗಬೇಕಾದರೆ 20,000 ರೂಪಾಯಿ ಕಟ್ಟಬೇಕು, ಸಿಕ್ಕ ಮೇಲೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಾಗಾಗಿ ಕೊಳ್ಳುವವರು ಸಂಗ್ರಾಹಕರಷ್ಟೇ, ಅವರಿಗೆ ಯಾವ ಆತುರವೂ ಇರುವುದಿಲ್ಲ.

ನಾನು ನೋಡಿದಂತೆ ಬೇಗ ಮಾರಾಟವಾಗುವುದು ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳ ಹಳೆಯ ಮನೆಗಳಲ್ಲಿ ಒಬ್ಬರೇ ಮಾಲೀಕರ ಕೈಯಲ್ಲಿದ್ದು, ಬಣ್ಣ ಮಾಸಿದರೂ ತಗಡು ಗಟ್ಟಿಯಾಗಿರುವ ಗಾಡಿ. ಅಂಥದ್ದು ಸಿಕ್ಕರೂ ಬೆಲೆಯ ಮಾತೆತ್ತುವ ಮುನ್ನ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಗಾಡಿಯ ನೋಂದಣಿ ವಿವರದ ಪ್ರತಿ, ತೆಗೆಸಿ, ಗಾಡಿಯ ಲೋಹದಲ್ಲಿ ಕೊರೆದಿರುವ ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆ ಪ್ರತಿಯೊಂದಿಗೆ ಒಂದೊಂದಾಗಿ ಹೋಲಿಸಿ ನೋಡುತ್ತೇನೆ. ಒಂದು ಅಂಕಿ ತಾಳೆಯಾಗದಿದ್ದರೂ ಟೋಕನ್ ಅಡ್ವಾನ್ಸ್ ಕೊಡದೆ ವಾಪಸ್ ಬರುತ್ತೇನೆ.